ಹತ್ತು ಡಿಗ್ರಿಯ ಇಕ್ಕಟ್ಟು: ಕ್ಯಾಮ್‌ಶಾಫ್ಟ್, ಸಿಲಿಂಡರ್ ಹೆಡ್ ಮತ್ತು ಪಿಸ್ಟನ್‌ಗೂ ವಾಲ್ವಿಗೂ ನಡುವಿನ ಜಾಗ

ಬಿಚ್ಚಿದ ಎಂಜಿನ್ನಿನಲ್ಲಿ ಪಿಸ್ಟನ್ನಿನ ನೆತ್ತಿಗೆ ಕಟ್ಟಿದ ಕರಿ ಮಸಿಯ ನಡುವೆ, ಉಗುರಿನಿಂದ ಗೀರಿದಷ್ಟು ತೆಳ್ಳಗೆ ಬಿದಿಗೆ ಚಂದ್ರನಂಥ ಗೆರೆಯೊಂದು ಹೊಳೆಯುತ್ತಿದ್ದರೆ ಅದರ ಅರ್ಥ ಇಷ್ಟೇ: ವಾಲ್ವಿನ ಅಂಚು ಅಲ್ಲಿಗೆ ಬಂದು ಮುಟ್ಟಿ ಹೋಗಿದೆ. ನಾನು ಆ ಗೆರೆಯನ್ನು ಮೊದಲು ಕಂಡದ್ದು ನನ್ನದೇ ಕೈಕೆಲಸದಲ್ಲಿ. ಹೊಸ ಕ್ಯಾಮ್‌ಶಾಫ್ಟ್, ಅಂದರೆ ತನ್ನ ಉಬ್ಬುಗಳಿಂದ ವಾಲ್ವ್‌ಗಳನ್ನು ಒತ್ತಿ ತೆರೆಯುವ ದಂಡ, ಹಾಕಿದ್ದೆ. ಅದರ ಗರಿಷ್ಠ ಲಿಫ್ಟ್, ಅಂದರೆ ವಾಲ್ವ್ ಅತಿ ಹೆಚ್ಚು ತೆರೆಯುವ ಅಳತೆ, ಹಳೆಯದಕ್ಕಿಂತ ಅರ್ಧ ಮಿಲಿಮೀಟರ್ ಮಾತ್ರ ಹೆಚ್ಚು. ಅರ್ಧ ಮಿಲಿಮೀಟರಿಗೆ ಏನಾದೀತು ಎಂದು ಅಳೆಯದೆ, ಸಿಲಿಂಡರಿನ ಮೇಲೆ ಕೂತು ವಾಲ್ವ್‌ಗಳನ್ನು ಹಿಡಿದಿರುವ ಹೆಡ್ ಬಿಗಿದುಬಿಟ್ಟೆ. ವಾಲ್ವ್ ಬಾಗಲಿಲ್ಲ ಎಂಬುದು ನನ್ನ ಪುಣ್ಯ. ನಾನು ಓದಿದ ಅಂಕಿ ಸರಿಯಾಗಿಯೇ ಇತ್ತು. ಓದಬೇಕಾಗಿದ್ದ ಅಂಕಿ ಅದಾಗಿರಲಿಲ್ಲ.

ಕ್ಯಾಮ್ ಬದಲಾಯಿಸಲು ಹೊರಟವರು ಸಾಮಾನ್ಯವಾಗಿ ಕೇಳುವುದು, ‘ಈ ಹೆಡ್ಡಿಗೆ ಎಷ್ಟು ಲಿಫ್ಟಿನ ಕ್ಯಾಮ್ ಹಿಡಿಸುತ್ತದೆ?’ ಎಂದು. ಪ್ರಶ್ನೆ ಪೂರ್ತಿ ಅಸಂಬದ್ಧವಲ್ಲ. ಲಿಫ್ಟ್ ಹೆಚ್ಚಾದರೆ ವಾಲ್ವ್ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಒತ್ತಿಕೊಂಡು ಗಟ್ಟಿ ಕೊಳವೆಯಂತಾಗಬಹುದು. ಸ್ಪ್ರಿಂಗಿನ ಮೇಲೆ ಕೂತ ರಿಟೇನರ್ ಕೆಳಗಿಳಿದು ವಾಲ್ವ್ ಗೈಡಿನ ಆಯಿಲ್ ಸೀಲನ್ನು ಜಜ್ಜಬಹುದು. ಇವೆರಡಕ್ಕೂ ಗರಿಷ್ಠ ಲಿಫ್ಟೇ ಆಧಾರ. ಆದರೆ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆಯೇ ಎಂದು ತಿಳಿಯಲು ಆ ಅಂಕಿಯಿಂದ ಪ್ರಯೋಜನವಿಲ್ಲ.

ವಾಲ್ವ್ ಪೂರ್ತಿ ತೆರೆದ ಹೊತ್ತಿನಲ್ಲಿ ಪಿಸ್ಟನ್ ಎಲ್ಲಿರುತ್ತದೆ ಎಂದು ಲೆಕ್ಕ ಹಾಕಿ ನೋಡಿದರೆ ಕಾರಣ ತಿಳಿಯುತ್ತದೆ. 86 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ), ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕಿಗೆ ಜೋಡಿಸುವ 143 ಮಿ.ಮೀ. ಉದ್ದದ ಕನೆಕ್ಟಿಂಗ್ ರಾಡ್ ಇರುವ ಎಂಜಿನ್ ಒಂದನ್ನು ಇಟ್ಟುಕೊಳ್ಳೋಣ. ಮುಂದಿನ ಲೆಕ್ಕಗಳಿಗೂ ಇದೇ ಎಂಜಿನ್. ಪಿಸ್ಟನ್ ತನ್ನ ತುತ್ತತುದಿಯನ್ನು ಮುಟ್ಟುವ ಬಿಂದುವಿಗೆ ಟಾಪ್ ಡೆಡ್ ಸೆಂಟರ್, ಚಿಕ್ಕದಾಗಿ ಟಿಡಿಸಿ ಎನ್ನುತ್ತಾರೆ. ಇನ್‌ಟೇಕ್ ವಾಲ್ವ್ ಅತಿ ಹೆಚ್ಚು ತೆರೆದಿರುವುದು ಟಿಡಿಸಿ ದಾಟಿ ಕ್ರ್ಯಾಂಕ್ ಹೆಚ್ಚುಕಡಿಮೆ 108 ಡಿಗ್ರಿ ತಿರುಗಿದಾಗ. ಆಗ ಈ ಎಂಜಿನ್ನಿನ ಪಿಸ್ಟನ್ ತುದಿಯಿಂದ 62 ಮಿ.ಮೀ. ಕೆಳಗಿರುತ್ತದೆ. ವಾಲ್ವ್ ಇಳಿದಿರುವುದು ಹತ್ತೋ ಹನ್ನೆರಡೋ ಮಿಲಿಮೀಟರ್. ನಡುವೆ ಮೂರು ಬೆರಳು ತೂರುವಷ್ಟು ಬಯಲು. ಅಲ್ಲಿ ಅರ್ಧ ಮಿಲಿಮೀಟರ್ ಹೆಚ್ಚಾದರೂ ಮೂರು ಮಿಲಿಮೀಟರ್ ಹೆಚ್ಚಾದರೂ ಪಿಸ್ಟನ್ನಿಗೆ ಗೊತ್ತೇ ಆಗುವುದಿಲ್ಲ.

ಇಕ್ಕಟ್ಟು ಇರುವುದು ಬೇರೆಡೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಂದು ಚಕ್ರ ಮುಗಿಯುವಷ್ಟರಲ್ಲಿ ಕ್ರ್ಯಾಂಕ್ ಎರಡು ಸುತ್ತು, ಕ್ಯಾಮ್ ಒಂದು ಸುತ್ತು ಬರುತ್ತವೆ. ಪಿಸ್ಟನ್ ಎರಡು ಸಲ ತುದಿ ಮುಟ್ಟುತ್ತದೆ. ಮೊದಲನೆಯದು ಕಂಪ್ರೆಷನ್ನಿನ ಕೊನೆ. ಆಗ ಎರಡೂ ವಾಲ್ವ್‌ಗಳು ಮುಚ್ಚಿರುತ್ತವೆ, ಚಿಂತೆಯಿಲ್ಲ. ಎರಡನೆಯದು ಎಕ್ಸಾಸ್ಟ್ ಸ್ಟ್ರೋಕಿನ ಕೊನೆ. ಸುಟ್ಟ ಅನಿಲ ಇನ್ನೂ ಹೊರಹೋಗುತ್ತಿರುವುದರಿಂದ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚಿರುವುದಿಲ್ಲ. ಹೊಸ ಗಾಳಿಗೆ ದಾರಿ ಮಾಡಿಕೊಡಲು ಇನ್‌ಟೇಕ್ ವಾಲ್ವ್ ಆಗಲೇ ತೆರೆಯತೊಡಗಿರುತ್ತದೆ. ಓವರ್‌ಲ್ಯಾಪ್ ಎಂದು ಕರೆಯುವುದು ಇದನ್ನೇ. ಎರಡು ವಾಲ್ವ್‌ಗಳೂ ಅರೆತೆರೆದು ನೇತಾಡುತ್ತಿರುವಾಗಲೇ ಪಿಸ್ಟನ್ ನೆತ್ತಿಯೆತ್ತಿ ಅವುಗಳ ಅಡಿಗೆ ಬಂದು ನಿಲ್ಲುತ್ತದೆ. ಮೂರು ಲೋಹದ ತುಂಡುಗಳು ಒಂದೇ ಸಣ್ಣ ಕೋಣೆಯಲ್ಲಿ ಸೇರುವ ಗಳಿಗೆ ಇದೊಂದೇ.

ಹಾಗಾದರೆ ಅವು ಅತಿ ಹತ್ತಿರವಾಗುವುದು ಸರಿಯಾಗಿ ಟಿಡಿಸಿಯಲ್ಲೇ? ಅಲ್ಲ. ತುದಿಯ ಬಳಿ ಪಿಸ್ಟನ್ ಬಹಳ ಸೋಮಾರಿ. ಕ್ರ್ಯಾಂಕ್ 5 ಡಿಗ್ರಿ ತಿರುಗಿದರೂ ಅದು ಇಳಿಯುವುದು ಬರೀ 0.2 ಮಿ.ಮೀ. ಹತ್ತು ಡಿಗ್ರಿಗೆ 0.85, ಹದಿನೈದಕ್ಕೆ 1.9, ಇಪ್ಪತ್ತಕ್ಕೆ 3.35. ಈಗ ಇನ್‌ಟೇಕ್ ವಾಲ್ವ್ ಏನು ಮಾಡುತ್ತಿದೆ ನೋಡೋಣ. ಸ್ವಲ್ಪ ಚುರುಕಾದ ಕ್ಯಾಮ್ ಒಂದರಲ್ಲಿ ಅದು ಟಿಡಿಸಿಯ ಹೊತ್ತಿಗೆ 2.6 ಮಿ.ಮೀ. ತೆರೆದಿದೆ ಎನ್ನಿ, ಐದು ಡಿಗ್ರಿಯಲ್ಲಿ 3.2, ಹತ್ತರಲ್ಲಿ 3.85, ಹದಿನೈದರಲ್ಲಿ 4.55, ಇಪ್ಪತ್ತರಲ್ಲಿ 5.25. ವಾಲ್ವ್ ಇಳಿದದ್ದರಿಂದ ಪಿಸ್ಟನ್ ಇಳಿದದ್ದನ್ನು ಕಳೆದರೆ ವಾಲ್ವ್ ನಿಜಕ್ಕೂ ಎಷ್ಟು ಜಾಗ ತಿಂದಿತು ಎಂಬುದು ಸಿಗುತ್ತದೆ. ಟಿಡಿಸಿಯಲ್ಲಿ 2.6, ಐದರಲ್ಲೂ ಹತ್ತರಲ್ಲೂ ಹತ್ತಿರ ಹತ್ತಿರ 3.0, ಹದಿನೈದರಲ್ಲಿ 2.65, ಇಪ್ಪತ್ತರಲ್ಲಿ 1.9. ಅಂದರೆ ಟಿಡಿಸಿ ದಾಟಿದ ಮೇಲಿನ ಹತ್ತು ಡಿಗ್ರಿಯ ಒಳಗೆ ವಾಲ್ವ್ ಪಿಸ್ಟನ್ನಿಗಿಂತ ವೇಗವಾಗಿ ಇಳಿದು ಅದನ್ನು ಬಹುಮಟ್ಟಿಗೆ ಹಿಡಿದೇಬಿಡುತ್ತದೆ. ಆಮೇಲೆ ಪಿಸ್ಟನ್ ವೇಗ ಹೆಚ್ಚಿಸಿಕೊಂಡು ಕೈತಪ್ಪಿಸಿಕೊಳ್ಳುತ್ತದೆ. ಕ್ಯಾಮ್ ಬದಲಾದಂತೆ ಈ ಸ್ಥಳ ಒಂದೆರಡು ಡಿಗ್ರಿ, ಕೆಲವೊಮ್ಮೆ ಐದಾರು ಡಿಗ್ರಿ ಆಚೀಚೆ ಸರಿಯುತ್ತದೆ. ಹಾಗಾಗಿ ಟಿಡಿಸಿಯಲ್ಲಿ ನಿಲ್ಲಿಸಿ ಅಳೆದು ಸಾಕೆಂದುಕೊಂಡವರು ಈ ಲೆಕ್ಕದಲ್ಲಿ 0.4 ಮಿ.ಮೀ. ಮೋಸ ಹೋಗುತ್ತಾರೆ.

ಎಕ್ಸಾಸ್ಟ್ ಕಡೆ ಇದೇ ಆಟ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಇಕ್ಕಟ್ಟಿನ ಜಾಗ ಟಿಡಿಸಿಗೆ ಹತ್ತು ಹದಿನೈದು ಡಿಗ್ರಿ ಮೊದಲು ಬರುತ್ತದೆ. ಆದರೆ ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ. ಇನ್‌ಟೇಕ್‌ನಲ್ಲಿ ವಾಲ್ವ್ ಪಿಸ್ಟನ್ನನ್ನು ಅಟ್ಟಿಸಿಕೊಂಡು ಹೋಗುತ್ತದೆ. ಎಕ್ಸಾಸ್ಟ್‌ನಲ್ಲಿ ಪಿಸ್ಟನ್ ವಾಲ್ವನ್ನು ಅಟ್ಟಿಸಿಕೊಂಡು ಬರುತ್ತದೆ. ವಾಲ್ವ್ ತೆರೆಯುವುದು ಕ್ಯಾಮಿನ ಬಲದಿಂದ, ಮುಚ್ಚುವುದು ಮಾತ್ರ ಸ್ಪ್ರಿಂಗಿನ ದಯದಿಂದ. ಸ್ಪ್ರಿಂಗ್ ಸೋತಿದ್ದರೆ, ಅಥವಾ ಯಾರೋ ಅವಸರದಲ್ಲಿ ತಪ್ಪು ಗೇರಿಗೆ ಹಾಕಿ ಎಂಜಿನ್ ಅದರ ಮಿತಿ ಮೀರಿ ಸುತ್ತಿದರೆ, ಮುಚ್ಚಿಕೊಳ್ಳುತ್ತಿರುವ ಎಕ್ಸಾಸ್ಟ್ ವಾಲ್ವ್ ಕ್ಯಾಮಿನ ಮೈಯನ್ನು ಬಿಟ್ಟು ಹಿಂದೆ ಬೀಳುತ್ತದೆ. ಹಿಂದಿನಿಂದ ಬರುವ ಪಿಸ್ಟನ್ ಕಾಯುವುದಿಲ್ಲ. ಇದರ ಮೇಲೆ ಎಕ್ಸಾಸ್ಟ್ ವಾಲ್ವ್ ಹೆಚ್ಚು ಬಿಸಿಯಾಗುವುದರಿಂದ ಅದರ ಕಡ್ಡಿ ಉದ್ದವೂ ಆಗುತ್ತದೆ.

ಅದಕ್ಕಾಗಿಯೇ ಎಂಜಿನ್ ಕಟ್ಟುವವರ ನಡುವೆ ಬಹುಕಾಲದಿಂದ ನಡೆದುಬಂದ ಲೆಕ್ಕ ಎರಡೂ ಕಡೆಗೆ ಒಂದೇ ಅಲ್ಲ. ಉಕ್ಕಿನ ಕನೆಕ್ಟಿಂಗ್ ರಾಡ್ ಇದ್ದಾಗ ಇನ್‌ಟೇಕ್ ಕಡೆ ಕನಿಷ್ಠ 2.0 ಮಿ.ಮೀ., ಎಕ್ಸಾಸ್ಟ್ ಕಡೆ ಕನಿಷ್ಠ 2.5 ಮಿ.ಮೀ. ಇಂಚಿನಲ್ಲಿ ಹೇಳುವವರು 0.080 ಮತ್ತು 0.100 ಎನ್ನುತ್ತಾರೆ. ಅಲ್ಯೂಮಿನಿಯಂ ರಾಡ್ ಹೆಚ್ಚು ಹಿಗ್ಗುವುದರಿಂದ ಅದಕ್ಕೆ ಇನ್ನೂ ಜಾಗ ಬೇಕು. ವಾಲ್ವಿನ ಅಂಚಿಗೂ ಪಿಸ್ಟನ್ ನೆತ್ತಿಯಲ್ಲಿ ಕೊರೆದ ಗುಳಿಯ ಗೋಡೆಗೂ ಪಕ್ಕದಲ್ಲಿ 1.25 ಮಿ.ಮೀ. ಬಿಡಬೇಕು. ಅನುಭವಿಗಳು, ರೇಸಿನ ತಂಡಗಳವರು ಇದಕ್ಕಿಂತ ಬಿಗಿಯಾಗಿ ಕಟ್ಟುವುದುಂಟು. ತಾವು ಎಲ್ಲಿ ಕದಿಯುತ್ತಿದ್ದೇವೆ ಎಂಬುದು ಅವರಿಗೆ ಗೊತ್ತಿರುತ್ತದೆ.

ನಿಂತ ಎಂಜಿನ್ನಿನಲ್ಲಿ ಎರಡು ಮಿಲಿಮೀಟರ್ ಎಂದರೆ ಧಾರಾಳ ಅನ್ನಿಸುತ್ತದೆ. ಓಡುವ ಎಂಜಿನ್ನಿನಲ್ಲಿ ಅದು ಕರಗುತ್ತಾ ಹೋಗುತ್ತದೆ. ಪಿಸ್ಟನ್ ಮೇಲೇರಿ ತುದಿಯಲ್ಲಿ ದಿಕ್ಕು ಬದಲಿಸುವಾಗ ಅದರ ತೂಕವೆಲ್ಲ ರಾಡನ್ನು ಮೇಲಕ್ಕೆ ಎಳೆಯುತ್ತದೆ. ಕಂಪ್ರೆಷನ್ನಿನ ಕೊನೆಯಲ್ಲಿ ಒತ್ತಿದ ಗಾಳಿ ಮೆತ್ತೆಯಂತೆ ಎದುರು ನಿಂತು ಆ ಎಳೆತವನ್ನು ತಗ್ಗಿಸುತ್ತದೆ. ಎಕ್ಸಾಸ್ಟಿನ ಕೊನೆಯಲ್ಲಿ ಆ ಮೆತ್ತೆಯಿಲ್ಲ. ರಾಡ್ ಅತಿ ಹೆಚ್ಚು ಹಿಗ್ಗುವುದು, ಬೇರಿಂಗುಗಳ ಸಡಿಲವೆಲ್ಲ ಒಂದೇ ಕಡೆ ಸೇರುವುದು, ನಾವು ಜಾಗಕ್ಕಾಗಿ ಪರದಾಡುತ್ತಿರುವ ಅದೇ ಓವರ್‌ಲ್ಯಾಪಿನ ಗಳಿಗೆಯಲ್ಲಿ. ಪಿಸ್ಟನ್ ಸಿಲಿಂಡರಿನೊಳಗೆ ಚೂರು ಓಲಾಡುವುದೂ ಇದೆ. ಕನಿಷ್ಠ ಅಂತರ ಎಂಬುದು ಇವೆಲ್ಲಕ್ಕೂ ಎತ್ತಿಟ್ಟ ತೆರಿಗೆ.

ಈಗ ಕ್ಯಾಮಿಗೆ ಬರೋಣ. ಒಂದು ಕ್ಯಾಮಿನ ಗುಣ ಹೇಳುವ ಅಂಕಿಗಳಲ್ಲಿ ನಮಗೆ ಬೇಕಾದ್ದು ವಾಲ್ವ್ ಎಷ್ಟು ಡಿಗ್ರಿ ಕಾಲ ತೆರೆದಿರುತ್ತದೆ ಎಂಬ ಡ್ಯುರೇಷನ್, ಇನ್‌ಟೇಕ್ ಮತ್ತು ಎಕ್ಸಾಸ್ಟ್ ಉಬ್ಬುಗಳ ಶಿಖರಗಳು ಎಷ್ಟು ದೂರದಲ್ಲಿವೆ ಎಂಬ ಕೋನ (ಡ್ಯುರೇಷನ್ನಿನ ಲೆಕ್ಕ ಕ್ರ್ಯಾಂಕಿನ ಡಿಗ್ರಿಯಲ್ಲಿ, ಇದು ಕ್ಯಾಮಿನ ಡಿಗ್ರಿಯಲ್ಲಿ; ಕ್ಯಾಮಿನ ಒಂದು ಡಿಗ್ರಿ ಕ್ರ್ಯಾಂಕಿನ ಎರಡಕ್ಕೆ ಸಮ), ಮತ್ತು ಕ್ಯಾಮನ್ನು ಕ್ರ್ಯಾಂಕಿಗೆ ಹೇಗೆ ಹೊಂದಿಸಲಾಗಿದೆ ಎಂಬುದು. ಎರಡೂ ಉಬ್ಬುಗಳ ಡ್ಯುರೇಷನ್ 280 ಡಿಗ್ರಿ, ಶಿಖರಗಳ ನಡುವಿನ ಕೋನ 110 ಇದ್ದರೆ ಓವರ್‌ಲ್ಯಾಪ್ 60 ಡಿಗ್ರಿ. ಬೇರೇನನ್ನೂ ಮುಟ್ಟದೆ ಕೋನವನ್ನು 106ಕ್ಕೆ ಇಳಿಸಿ, ಓವರ್‌ಲ್ಯಾಪ್ 68 ಆಗುತ್ತದೆ. ಲಿಫ್ಟ್ ಅದೇ, ಡ್ಯುರೇಷನ್ ಅದೇ. ಆದರೆ ಟಿಡಿಸಿಯ ಹೊತ್ತಿಗೆ ಎರಡೂ ವಾಲ್ವ್‌ಗಳು ಮೊದಲಿಗಿಂತ ಹೆಚ್ಚು ತೆರೆದಿರುತ್ತವೆ, ಎರಡೂ ಕಡೆ ಜಾಗ ಕುಗ್ಗುತ್ತದೆ. ಗರಿಷ್ಠ ಲಿಫ್ಟ್ ಮಾತ್ರ ನೋಡಿ ಕೊಳ್ಳುವವರಿಗೆ ಈ ಎರಡು ಕ್ಯಾಮ್‌ಗಳು ಅವಳಿಗಳಂತೆ ಕಾಣುತ್ತವೆ. ನನಗೆ ಆದದ್ದೂ ಅದೇ. ನನ್ನ ಹಳೆಯ ಕ್ಯಾಮಿನಲ್ಲಿ ಟಿಡಿಸಿಯಲ್ಲಿ ಇನ್‌ಟೇಕ್ ಲಿಫ್ಟ್ 1 ಮಿ.ಮೀ. ಇತ್ತು, ಹೊಸದರಲ್ಲಿ 2.6. ಶಿಖರದಲ್ಲಿ ಅರ್ಧ ಮಿಲಿಮೀಟರ್ ಏರಿಕೆ ಕಂಡು ನೆಮ್ಮದಿಯಾಗಿದ್ದವನಿಗೆ ಬುಡದಲ್ಲಿ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಜಾಗ ಹೋಗುತ್ತಿರುವುದು ಕಾಣಲಿಲ್ಲ. ಕೆಲವು ತಯಾರಕರು ಕ್ಯಾಮಿನ ಜೊತೆ ಕೊಡುವ ಚೀಟಿಯಲ್ಲಿ ‘ಟಿಡಿಸಿಯಲ್ಲಿ ಲಿಫ್ಟ್’ ಎಂದು ಪ್ರತ್ಯೇಕವಾಗಿ ನಮೂದಿಸುತ್ತಾರೆ. ಆ ಚೀಟಿಯಲ್ಲಿ ನಾನು ಈಗ ಮೊದಲು ಹುಡುಕುವ ಸಾಲು ಅದು.

ಕ್ಯಾಮನ್ನು ಮುಂದಕ್ಕೆ ಅಥವಾ ಹಿಂದಕ್ಕೆ ತಿರುಗಿಸಿ ಕೂಡಿಸುವುದೂ ಉಂಟು. ಒಂದೇ ಕ್ಯಾಮಿನ ಎಂಜಿನ್ನಿನಲ್ಲಿ ಮುಂದಕ್ಕೆ ಹಾಕಿದರೆ ಇನ್‌ಟೇಕ್ ಬೇಗ ತೆರೆದು ಆ ಕಡೆ ಜಾಗ ಕುಗ್ಗುತ್ತದೆ, ಎಕ್ಸಾಸ್ಟ್ ಬೇಗ ಮುಚ್ಚಿ ಅಲ್ಲಿ ಜಾಗ ಹಿಗ್ಗುತ್ತದೆ. ಹಿಂದಕ್ಕೆ ಹಾಕಿದರೆ ಅದರ ಉಲ್ಟಾ. ಮೇಲಿನ ಲೆಕ್ಕದಲ್ಲಿ ಬರೀ 4 ಡಿಗ್ರಿ ಮುಂದಕ್ಕೆ ಸರಿಸಿದರೆ ಇನ್‌ಟೇಕ್ ಕಡೆ ಅರ್ಧ ಮಿಲಿಮೀಟರ್ ಹೋಗುತ್ತದೆ. ಕ್ರ್ಯಾಂಕಿನಿಂದ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಚೈನ್ ಓಡಿ ಓಡಿ ಉದ್ದವಾದರೆ ಕ್ಯಾಮನ್ನು ತಾನಾಗಿಯೇ ಹಿಂದಕ್ಕೆ ತಳ್ಳುತ್ತದೆ, ಅಂದರೆ ಎಕ್ಸಾಸ್ಟಿನ ಜಾಗವನ್ನು ಸದ್ದಿಲ್ಲದೆ ಕಬಳಿಸುತ್ತದೆ. ಹೊಸ ಕ್ಯಾಮಿಗೆ ಹಳೆಯ ಚೈನ್ ಹಾಕುವುದನ್ನು ನಾನು ಒಪ್ಪದಿರುವುದಕ್ಕೆ ಇದೂ ಒಂದು ಕಾರಣ. ಕ್ಯಾಮಿನ ಚಲನೆಯನ್ನು ಹಿಗ್ಗಿಸಿ ವಾಲ್ವಿಗೆ ಮುಟ್ಟಿಸುವ ಸನ್ನೆಯಾದ ರಾಕರ್ ಆರ್ಮಿನ ಅನುಪಾತವನ್ನೂ ಮರೆಯಬಾರದು: 1.5 ಇದ್ದದ್ದನ್ನು 1.6 ಮಾಡಿದರೆ ಶಿಖರದಲ್ಲಿ ಮಾತ್ರವಲ್ಲ, ಟಿಡಿಸಿಯಲ್ಲೂ ಲಿಫ್ಟ್ ಆರೂವರೆ ಪ್ರತಿಶತಕ್ಕಿಂತ ಹೆಚ್ಚು ಏರುತ್ತದೆ.

ವಾಲ್ವ್ ಟೈಮಿಂಗ್ ತಾನೇ ಬದಲಿಸಿಕೊಳ್ಳುವ ಈಗಿನ ಎಂಜಿನ್‌ಗಳಲ್ಲಿ ಈ ಮಾತು ಇನ್ನಷ್ಟು ಗಂಭೀರ. ಅವುಗಳಲ್ಲಿ ಬಹುತೇಕ ಇನ್‌ಟೇಕ್ ಕ್ಯಾಮ್ ನಿಂತಾಗ ಪೂರ್ತಿ ಹಿಂದಕ್ಕೆ ಸರಿದು ಕೂತಿರುತ್ತದೆ, ಜಾಗ ಅತಿ ಹೆಚ್ಚು ಇರುವ ಭಂಗಿಯಲ್ಲಿ. ಅಲ್ಲಿ ಅಳೆದು ಸಂತೋಷಪಟ್ಟರೆ ಓಡುವಾಗ ಕಂಪ್ಯೂಟರ್ ಅದನ್ನು ಹತ್ತಾರು ಡಿಗ್ರಿ ಮುಂದಕ್ಕೆಳೆದು ವಾಲ್ವನ್ನು ಪಿಸ್ಟನ್ ಮೇಲೆ ಇಳಿಸಿಬಿಡುತ್ತದೆ. ಇನ್‌ಟೇಕ್ ಪೂರ್ತಿ ಮುಂದೆ, ಎಕ್ಸಾಸ್ಟ್ ಪೂರ್ತಿ ಹಿಂದೆ ಇಟ್ಟು ಅಳೆಯಬೇಕು. ಜಾಗ ಸಾಲದಿದ್ದರೆ ಅದರ ಓಟಕ್ಕೆ ಒಳಗಿನಿಂದಲೇ ತಡೆ ಹಾಕಬೇಕು. ಸಾಫ್ಟ್‌ವೇರಿನಲ್ಲಿ ಮಿತಿ ಹಾಕಿದ್ದೇನೆ ಎಂಬ ಧೈರ್ಯ ನನಗಂತೂ ಸಾಲದು.

ಹೆಡ್ ಈ ಲೆಕ್ಕದ ಇನ್ನೊಂದು ಅರ್ಧ. ಕಾಲಕಾಲಕ್ಕೆ ಆಗುವ ಹೆಡ್ ಫೇಸಿಂಗನ್ನೇ ನೋಡಿ. ಹೆಡ್ಡಿನ ಅಡಿಯನ್ನು ಅರ್ಧ ಮಿಲಿಮೀಟರ್ ಸವೆಸಿ ಸಮ ಮಾಡಿದರೆ ವಾಲ್ವ್‌ಗಳೂ ಅಷ್ಟೇ ಕೆಳಗೆ ಬಂದಂತಾಯಿತು. ವಾಲ್ವ್ ಸಿಲಿಂಡರಿಗೆ ನೇರವಾಗಿ ನಿಂತಿದ್ದರೆ ಜಾಗವೂ ಪೂರ್ತಿ ಅರ್ಧ ಮಿಲಿಮೀಟರ್ ಹೋಯಿತು. ವಾಲಿದ್ದರೆ ವಾಲ್ವಿನ ನೇರಕ್ಕೆ ಅಳೆದಾಗ ಸ್ವಲ್ಪ ಕಡಿಮೆ. ಉದಾಹರಣೆಯ ಎಂಜಿನ್ನಿನಲ್ಲಿ ಮುಚ್ಚಿದ ವಾಲ್ವಿಗೂ ಟಿಡಿಸಿಯಲ್ಲಿರುವ ಪಿಸ್ಟನ್ನಿಗೂ ನಡುವೆ 5.2 ಮಿ.ಮೀ. ಇತ್ತೆನ್ನಿ. ಹೊಸ ಕ್ಯಾಮ್ 3.0 ತಿಂದಿತು, ಉಳಿದದ್ದು 2.2. ಪರವಾಗಿಲ್ಲ. ಮೇಲೆ ಅರ್ಧ ಮಿಲಿಮೀಟರ್ ಫೇಸಿಂಗ್ ಆಗಿದ್ದರೆ 1.7. ಕನಿಷ್ಠ 2.0ಕ್ಕಿಂತ ಕಡಿಮೆ, ಇದು ಸಾಲದು. ಕ್ಯಾಮ್ ಮಾರಿದವರು ‘ಇದು ಈ ಎಂಜಿನ್ನಿಗೆ ಹೊಂದುತ್ತದೆ’ ಎಂದದ್ದು ಸುಳ್ಳಲ್ಲ. ಹೆಡ್ ಸವೆಸಿದವರು ‘ತುಸು ಮಾತ್ರ ತೆಗೆದಿದ್ದೇನೆ’ ಎಂದದ್ದೂ ಸುಳ್ಳಲ್ಲ. ಇಬ್ಬರ ಕೆಲಸ ಒಂದೇ ಎಂಜಿನ್ನಿನೊಳಗೆ ಸೇರುವವರೆಗೂ ತಪ್ಪು ಎಲ್ಲೂ ಇರುವುದಿಲ್ಲ.

ವಾಲ್ವಿನ ಓರೆಯ ಕೋನ ಇನ್ನೊಂದು ತೊಡಕು ತರುತ್ತದೆ. 1955ರಲ್ಲಿ ಬಂದ ಅಮೆರಿಕದ ಷೆವ್ರೊಲೆಯ ಸ್ಮಾಲ್ ಬ್ಲಾಕ್ ವಿ8ರಲ್ಲಿ ವಾಲ್ವ್‌ಗಳು 23 ಡಿಗ್ರಿ ವಾಲಿದ್ದವು. 1997ರ ಎಲ್‌ಎಸ್1 ಎಂಬ ಹೊಸ ವಿ8ರಲ್ಲಿ ಅದು 15 ಡಿಗ್ರಿಗೆ ಬಂತು. ಹಳೆಯ ಸ್ಮಾಲ್ ಬ್ಲಾಕಿಗೇ 18 ಡಿಗ್ರಿಯ ರೇಸಿಂಗ್ ಹೆಡ್‌ಗಳೂ ಬಂದವು. ಪಿಸ್ಟನ್ನಿನ ಗುಳಿಗಳನ್ನು ಒಂದು ಕೋನಕ್ಕೆ ಕೊರೆದಿದ್ದು, ಮೇಲೆ ಬೇರೆ ಕೋನದ ಹೆಡ್ ಕೂರಿಸಿದರೆ ವಾಲ್ವಿನ ತಟ್ಟೆ ಗುಳಿಯಲ್ಲಿ ಸಪಾಟಾಗಿ ಕೂರುವುದಿಲ್ಲ, ಒಂದು ಅಂಚು ಮುಂದೆ ಚಾಚಿಕೊಂಡಿರುತ್ತದೆ. ನಡುವಿನಲ್ಲಿ ಎಷ್ಟೇ ಜಾಗವಿರಲಿ, ಆ ಅಂಚು ಬಡಿಯುತ್ತದೆ. ಹೆಚ್ಚು ಗಾಳಿ ಸಾಗಲೆಂದು ದೊಡ್ಡ ವಾಲ್ವ್ ಹಾಕಿದರೂ, ಹೊಸ ಹೆಡ್ಡಿನಲ್ಲಿ ವಾಲ್ವಿನ ಸ್ಥಾನವೇ ಸರಿದಿದ್ದರೂ ಗುಳಿಯ ಗೋಡೆ ಅಡ್ಡ ಬರುತ್ತದೆ. ಇಲ್ಲಿ ಆಳ ಅಳೆದು ಪ್ರಯೋಜನವಿಲ್ಲ, ಅಗಲ ಅಳೆಯಬೇಕು.

ಅಳೆಯುವ ಹಳೆಯ ದಾರಿ ಮಕ್ಕಳು ಬೊಂಬೆ ಮಾಡುವ ಬಣ್ಣದ ಜೇಡಿಯದು. ಪಿಸ್ಟನ್ನಿನ ಗುಳಿಗಳಲ್ಲಿ ಬೆರಳು ದಪ್ಪ ಜೇಡಿ ಒತ್ತಿ, ವಾಲ್ವಿನ ಮುಖಕ್ಕೆ ಅಂಟದಂತೆ ಎಣ್ಣೆ ಸವರಿ, ಹೆಡ್ಡಿಗೂ ಬ್ಲಾಕಿಗೂ ನಡುವೆ ಒಮ್ಮೆ ಬಳಸಿ ಅದುಮಿಹೋದ ಗ್ಯಾಸ್ಕೆಟ್ ಇಟ್ಟು ಹೆಡ್ ಕೂರಿಸಬೇಕು. ಹೊಸ ಗ್ಯಾಸ್ಕೆಟ್ ಪೂರ್ತಿ ಬಿಗಿಯುವವರೆಗೂ ದಪ್ಪಗಿದ್ದು ಇಲ್ಲದ ಜಾಗ ತೋರಿಸುತ್ತದೆ. ಟೈಮಿಂಗ್ ಹೊಂದಿಸಿ, ಸ್ಪ್ಯಾನರಿನಿಂದ ಕ್ರ್ಯಾಂಕನ್ನು ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಒಂದು ಸುತ್ತು ಸಾಲದು, ಓವರ್‌ಲ್ಯಾಪ್ ಬರುವುದು ಎರಡರಲ್ಲಿ ಒಮ್ಮೆ. ಜೇಡಿ ಅದುಮುವಾಗ ಕೈಗೆ ಮೆತ್ತನೆಯ ತಡೆ ಸಿಗುತ್ತದೆ. ಅದರ ಬದಲು ಸ್ಪ್ಯಾನರ್ ಗಟ್ಟಿಯಾಗಿ ನಿಂತರೆ ಅಲ್ಲೇ ಬಿಡಿ. ಇನ್ನೊಂದಿಷ್ಟು ಬಲ ಹಾಕಿ ನೋಡುವ ಆಸೆಯಲ್ಲೇ ವಾಲ್ವ್‌ಗಳು ಬಾಗುವುದು. ಹೆಡ್ ಎತ್ತಿದಾಗ ಜೇಡಿಯ ಮೇಲೆ ವಾಲ್ವಿನ ಗುಂಡು ಅಚ್ಚು ಮೂಡಿರುತ್ತದೆ, ಒಂದು ಬದಿ ದಪ್ಪ, ಇನ್ನೊಂದು ಬದಿ ರೊಟ್ಟಿಯಂಚಿನಂತೆ ತೆಳು. ಬ್ಲೇಡಿನಿಂದ ನಡುವೆ ಸೀಳಿ ಅತಿ ತೆಳುವಾದ ಕಡೆ ಅಳೆಯಬೇಕು. ಗುಳಿಯ ಗೋಡೆಯ ಬಳಿ ಎಷ್ಟು ಉಳಿದಿದೆ ಎಂಬುದೂ ಆ ಸೀಳಿನಲ್ಲೇ ಕಾಣುತ್ತದೆ. ಜೇಡಿಯ ದೊಡ್ಡ ಗುಣ ಇದೇ.

ದೋಷಗಳೂ ಇವೆ. ಕ್ಯಾಮಿಗೂ ವಾಲ್ವಿಗೂ ನಡುವೆ ಎಣ್ಣೆಯ ಒತ್ತಡದಿಂದ ನಿಲ್ಲುವ ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್ನಿನಲ್ಲಿ ಹೀಗೆ ನಿಧಾನವಾಗಿ ತಿರುಗಿಸಿದರೆ ಸ್ಪ್ರಿಂಗಿನ ಒತ್ತಡಕ್ಕೆ ಟ್ಯಾಪೆಟ್ ಕುಸಿದು ವಾಲ್ವ್ ಪೂರ್ತಿ ತೆರೆಯುವುದೇ ಇಲ್ಲ. ಜೇಡಿ ದಪ್ಪಗೆ ಉಳಿಯುತ್ತದೆ, ನಾವು ಖುಷಿಯಾಗುತ್ತೇವೆ. ಆದ್ದರಿಂದ ಅಳತೆಗಾಗಿ ಮಾತ್ರ ಗಟ್ಟಿ ಟ್ಯಾಪೆಟ್ ಹಾಕಬೇಕು, ಇಲ್ಲವೇ ವಾಲ್ವಿನ ಸ್ಪ್ರಿಂಗ್ ತೆಗೆದು ಬೆರಳಲ್ಲಿ ಒತ್ತಬಹುದಾದ ಮೆತ್ತನೆಯ ಸ್ಪ್ರಿಂಗ್ ಹಾಕಬೇಕು.

ಮೆತ್ತನೆಯ ಸ್ಪ್ರಿಂಗ್ ಹಾಕಿದ ಮೇಲೆ ಇನ್ನೂ ನಿಖರವಾದ ದಾರಿಯೇ ತೆರೆಯುತ್ತದೆ. ಕ್ರ್ಯಾಂಕಿಗೆ ಡಿಗ್ರಿ ಗುರುತಿರುವ ಚಕ್ರ ಕಟ್ಟಿ, ರಿಟೇನರ್ ಮೇಲೆ ಡಯಲ್ ಗೇಜಿನ ಮುಳ್ಳು ಊರಿ, ಟಿಡಿಸಿಗೆ 20 ಡಿಗ್ರಿ ಮೊದಲಿನಿಂದ 20 ಡಿಗ್ರಿ ನಂತರದವರೆಗೆ ಎರಡೆರಡು ಡಿಗ್ರಿಗೆ ನಿಲ್ಲಿಸುತ್ತ, ಪ್ರತಿ ಸಲವೂ ವಾಲ್ವನ್ನು ಕೈಯಿಂದ ಒತ್ತಿ ಪಿಸ್ಟನ್ ಮುಟ್ಟುವವರೆಗೆ ಇಳಿಸಿ ಓದಿಕೊಳ್ಳಬೇಕು. ‘ಟಕ್’ ಎಂದು ಸಣ್ಣಗೆ ತಾಗಿದ್ದು ಬೆರಳಿಗೇ ತಿಳಿಯುತ್ತದೆ. ಅಂಕಿಗಳು ಇಳಿಯುತ್ತ ಬಂದು ಒಂದು ಕಡೆ ತಿರುಗಿ ಏರತೊಡಗುತ್ತವೆ. ಆ ತಿರುವೇ ನಿಮ್ಮ ಎಂಜಿನ್ನಿನ ನಿಜವಾದ ಅಂತರ. ಡಿಗ್ರಿ ಚಕ್ರದ ಸೊನ್ನೆ ತಪ್ಪಿದ್ದರೆ ಕ್ಯಾಮಿನ ಟೈಮಿಂಗನ್ನೇ ತಪ್ಪಾಗಿ ಹೊಂದಿಸಿ ಅಳೆದಂತಾಗುತ್ತದೆ. ಪಿಸ್ಟನ್ನಿಗೆ ತಡೆಗೋಲು ಹಾಕಿ ಎರಡೂ ದಿಕ್ಕಿನಿಂದ ಮುಟ್ಟಿಸಿ, ಎರಡು ಓದುಗಳ ನಡುಬಿಂದುವನ್ನು ಟಿಡಿಸಿ ಎಂದು ಹಿಡಿಯುವುದೇ ನಂಬಬಹುದಾದ ಕ್ರಮ.

ಜಾಗ ಸಾಲದೆ ಹೋದರೆ? ದಪ್ಪ ಗ್ಯಾಸ್ಕೆಟ್ ಹಾಕಿಬಿಡೋಣ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ನನಗೆ ಅಷ್ಟಾಗಿ ಒಗ್ಗದ ಉಪಾಯವೂ ಹೌದು. ಪಿಸ್ಟನ್ನಿನ ಚಪ್ಪಟೆ ಅಂಚಿಗೂ ಹೆಡ್ಡಿಗೂ ನಡುವೆ ಒಂದು ಮಿಲಿಮೀಟರಿನಷ್ಟು ಸಣ್ಣ ಸಂದು ಇದ್ದಾಗ ಅಲ್ಲಿಂದ ಚಿಮ್ಮುವ ಗಾಳಿ ಮಿಶ್ರಣವನ್ನು ಕಲಕಿ ನಾಕಿಂಗ್, ಅಂದರೆ ಮಿಶ್ರಣ ತಾನಾಗಿಯೇ ಸಿಡಿಯುವುದನ್ನು, ತಡೆಯುತ್ತದೆ. ಆ ಸಂದು ದೊಡ್ಡದಾದರೆ ಈ ಲಾಭ ಹೋಗುತ್ತದೆ. ಕ್ಯಾಮನ್ನು ಒಂದೆರಡು ಡಿಗ್ರಿ ಹಿಂದಕ್ಕೆ ಹಾಕಬಹುದು, ಎಕ್ಸಾಸ್ಟ್ ಕಡೆ ಉಳಿಕೆ ಇದ್ದರೆ ಮಾತ್ರ. ಪಿಸ್ಟನ್ನಿನ ಗುಳಿಗಳನ್ನು ಇನ್ನಷ್ಟು ಕೊರೆಸಬಹುದು. ಆಗ ನೆತ್ತಿಯಲ್ಲಿ ಎಷ್ಟು ಲೋಹ ಉಳಿಯುತ್ತದೆ, ಮೇಲಿನ ರಿಂಗ್ ಕೂರುವ ತೋಡಿಗೆ ಎಷ್ಟು ಹತ್ತಿರವಾಗುತ್ತದೆ ಎಂದು ಪಿಸ್ಟನ್ ತಯಾರಕರ ಮಿತಿ ನೋಡಿಯೇ ಕೈಹಾಕಬೇಕು. ಕಂಪ್ರೆಷನ್ ಕೂಡ ಇಳಿಯುತ್ತದೆ: 86 ಮಿ.ಮೀ. ಬೋರಿನ ನಮ್ಮ ಸಿಲಿಂಡರಿನಲ್ಲಿ ಅನುಪಾತ 10.5 ಇದ್ದರೆ, ಗುಳಿಗಳಿಂದ ಬರೀ 2 ಸಿಸಿ ಲೋಹ ತೆಗೆದರೂ ಅದು 10.15ಕ್ಕೆ ಬರುತ್ತದೆ. ಇಷ್ಟೆಲ್ಲ ಮಾಡುವ ಬದಲು ಶಿಖರಗಳ ಕೋನ ಸ್ವಲ್ಪ ಅಗಲವಾದ ಇನ್ನೊಂದು ಕ್ಯಾಮ್ ಆರಿಸುವುದು ಎಷ್ಟೋ ಸಲ ಜಾಣತನ. ನಿಂತಲ್ಲೇ ಎಂಜಿನ್ ನಿಶ್ಶಬ್ದವಾಗಿ ಓಡುತ್ತಿರಬೇಕಾದ ವಾಹನಕ್ಕೆ ದೊಡ್ಡ ಓವರ್‌ಲ್ಯಾಪ್ ಹೇಗೂ ಸಲ್ಲುವುದಿಲ್ಲ.

ಇದರ ನಡುವೆ ಒಂದು ಗೊಂದಲವನ್ನೂ ಬಿಡಿಸಿಬಿಡುತ್ತೇನೆ. ಟೈಮಿಂಗ್ ಬೆಲ್ಟ್ ಹರಿದಾಗ ವಾಲ್ವ್‌ಗಳು ಬಾಗುವುದಕ್ಕೂ ಈ ಅಂತರಕ್ಕೂ ನೇರ ಸಂಬಂಧವಿಲ್ಲ. ಬೆಲ್ಟ್ ಹರಿದರೆ ಕ್ಯಾಮ್ ಎಲ್ಲೆಂದರಲ್ಲಿ ನಿಂತು, ಪೂರ್ತಿ ತೆರೆದ ವಾಲ್ವಿನ ಅಡಿಗೆ ಪಿಸ್ಟನ್ ಬಂದುಬಿಡುತ್ತದೆ. ಮೂರು ಮಿಲಿಮೀಟರ್ ಉಳಿಸಿ ಕಟ್ಟಿದ ಎಂಜಿನ್ನಿನಲ್ಲೂ ಅದು ಆಗಬಹುದು.

ಒಂದನೇ ಸಿಲಿಂಡರ್ ಅಳೆದು ಉಪಕರಣ ಒರೆಸಿಡಬೇಡಿ. ಬ್ಲಾಕಿನ ಎತ್ತರ ಒಂದು ತುದಿಯಿಂದ ಇನ್ನೊಂದಕ್ಕೆ ಚೂರು ಬೇರೆಯಾಗಿರುತ್ತದೆ, ವಾಲ್ವ್ ಸೀಟುಗಳನ್ನು ಉಜ್ಜಿದ ಆಳವೂ ಬೇರೆಬೇರೆ. ಕನಿಷ್ಠ ಎರಡೂ ತುದಿಯ ಸಿಲಿಂಡರುಗಳಲ್ಲಿ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಎರಡನ್ನೂ ಅಳೆದು, ಅಂತರ, ಅದು ಸಿಕ್ಕ ಡಿಗ್ರಿ, ಅದುಮಿದ ಗ್ಯಾಸ್ಕೆಟ್ಟಿನ ದಪ್ಪ, ಕ್ಯಾಮನ್ನು ಕೂಡಿಸಿದ ಸ್ಥಾನ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಆ ಎಂಜಿನ್ನಿನ ಕಾಗದಪತ್ರಗಳ ಜೊತೆ ಇಡಿ. ಮುಂದೊಂದು ದಿನ ಅದೇ ಹೆಡ್ಡನ್ನು ಇನ್ನೊಬ್ಬರು ಫೇಸಿಂಗಿಗೆ ಒಯ್ಯುವಾಗ ಎಷ್ಟು ಸವೆಸಬಹುದು ಎಂಬುದಕ್ಕೆ ಆ ಹಾಳೆ ನೋಡಿದರೆ ಸಾಕು.